ಜಗಲಿಯಡಿಯ ಗಾಳಿ

ಜಾಹೀರಾತಿನಲ್ಲಿ ಹದಿನೆಂಟು ಫೋಟೋ ಇದ್ದವು. ಅದರಲ್ಲಿ ಒಂಬತ್ತು ಬರೀ ಡೆಕ್ಕಿನವೇ, ಅಂದರೆ ಮನೆಗೆ ಅಂಟಿಸಿ ಕಟ್ಟಿದ ಮರದ ಹಲಗೆಯ ಜಗಲಿ. ಬೆಳಗಿನ ಡೆಕ್, ಮುಸ್ಸಂಜೆಯ ಡೆಕ್, ಎರಡು ಕುರ್ಚಿ ಹಾಕಿದ ಡೆಕ್, ಕಾಫಿ ಕಪ್ ಇಟ್ಟ ಡೆಕ್. ಅದರಾಚೆ ಜಪಾನಿನ ಸೇತೊ ಒಳಗಡಲು, ನೀರಿನ ಮೇಲೆ ಬೆನ್ನು ತೋರಿಸಿಕೊಂಡು ಮಲಗಿದ ದ್ವೀಪಗಳು. ಕೆಳಗೆ ಎರಡೇ ಸಾಲು: ಓಸಾಕಿಕಾಮಿಜಿಮಾ ದ್ವೀಪ, ಕಡಲಿಗೆ ಎದುರಾದ ಹಳೇ ಮರದ ಮನೆ, ಪೂರ್ತಿ ನವೀಕರಿಸಿದೆ. ಬೆಲೆ 72 ಲಕ್ಷ ಯೆನ್.

ಆಗಿನ ದರದಲ್ಲಿ ಅದು ಸುಮಾರು 40 ಲಕ್ಷ ರೂಪಾಯಿ. ಕುಮಟೆ ಕಡೆ ಕಡಲು ಕಾಣುವ ಎರಡು ಗುಂಟೆ ಜಾಗಕ್ಕೆ ಈಗ ಎಷ್ಟು ಕೇಳ್ತಾರೆ ಅಂತ ಗೊತ್ತಿದ್ದವರಿಗೆ ನನ್ನ ಕಣ್ಣು ಯಾಕೆ ಅರಳಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಫೋಟೋಗಳನ್ನು ಊರಿಗೆ, ಆಯಿಗೆ, ಅಂದರೆ ಅಮ್ಮನಿಗೆ ಕಳಿಸಿದೆ. ಸಂಜೆ ಫೋನ್ ಬಂತು. ಮನೆ ಚೆಂದ ಇದೆ, ಅಡುಗೆಮನೆ ಚೆಂದ ಇದೆ ಅಂತೆಲ್ಲ ಹೇಳ್ತಾಳೆ ಅಂದುಕೊಂಡಿದ್ದೆ. ಆಯಿ ಕೇಳಿದ್ದು ಎರಡೇ ಮಾತು.

"ತಮಾ, ಬಾವಿ ಇದ್ದಾ? ಮತ್ತೆ ಈ ಜಗಲಿ ಅಡಿಗೆ ಗಾಳಿ ಆಡ್ತಾ?"

ನಾನು ನಕ್ಕೆ. ಎರಡನೇ ಪ್ರಶ್ನೆಯ ಬೆಲೆ ಎಂಟು ಲಕ್ಷ ಯೆನ್ ಅಂತ ಗೊತ್ತಾಗಿದ್ದು ಎರಡು ತಿಂಗಳ ಮೇಲೆ.

ನಾನು ಹಿರೋಶಿಮಾ ನಗರಕ್ಕೆ ಬಂದದ್ದು 2013ರಲ್ಲಿ, ಕೆಲಸದ ಮೇಲೆ. ಎರಡು ವರ್ಷ ಅಂತ ಬಂದವನು ಇಲ್ಲೇ ಉಳಿದೆ. ಹುಟ್ಟಿದ್ದು ಕಡಲ ಪಕ್ಕ, ಆದರೆ ಬದುಕಿದ್ದೆಲ್ಲ ಏಳನೇ ಮಹಡಿಯಲ್ಲಿ. ಶನಿವಾರ ಭಾನುವಾರವಾದರೂ ಒಂದು ಅಂಗಳ ಇರಲಿ ಅನ್ನೋ ಆಸೆ ನನ್ನದು. ಹೆಂಡತಿಗೆ ಅಷ್ಟೇನೂ ಉತ್ಸಾಹ ಇರಲಿಲ್ಲ. "ಎರಡು ಮನೆ ಕಸ ಗುಡಿಸೋರು ಯಾರು?" ಅಂತ ಒಂದೇ ಮಾತಲ್ಲಿ ಮುಗಿಸಿದ್ದಳು. ನ್ಯಾಯವಾದ ಪ್ರಶ್ನೆಯೇ.

ಜಪಾನಿನಲ್ಲಿ ಖಾಲಿ ಮನೆಗೆ ಬರವಿಲ್ಲ. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ. ಹೆಚ್ಚುಕಡಿಮೆ ಏಳು ಮನೆಗೆ ಒಂದು. ಇವಕ್ಕೆ 'ಅಕಿಯಾ' ಅನ್ನುತ್ತಾರೆ. ಊರೂರಿನ ಪುರಸಭೆಗಳೇ 'ಅಕಿಯಾ ಬ್ಯಾಂಕ್' ಅಂತ ಪಟ್ಟಿ ಇಟ್ಟುಕೊಂಡಿವೆ. ಹಾಗಾದ್ರೆ ಸುಮ್ನೆ ಹೋಗಿ ಒಂದು ತಗೊಂಡು ಬರೋದೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ.

ಮೊದಲು ನೋಡಿದ್ದು ಬೇರೊಂದು ದ್ವೀಪದ ಅಕಿಯಾ. ಬೆಲೆ ಬರೀ 5 ಲಕ್ಷ ಯೆನ್. ಬಾಗಿಲು ತೆಗೆದರೆ ಒಳಗೆ ಒಂದು ಸಂಸಾರ ಹಾಗೇ ನಿಂತಿತ್ತು. ಇಪ್ಪತ್ತು ಮಂದಿಗೆ ಬಡಿಸುವಷ್ಟು ತಟ್ಟೆ ಬಟ್ಟಲು, ಗೋಡೆಯಲ್ಲಿ ಹತ್ತು ವರ್ಷ ಹಿಂದಿನ ಕ್ಯಾಲೆಂಡರ್, ಮೂಲೆಯಲ್ಲಿ ಕಪ್ಪು ಮೆರುಗಿನ ಬುತ್ಸುದಾನ್, ಅಂದರೆ ಹಿರಿಯರನ್ನು ನೆನೆಯುವ ಮನೆಯ ಪೂಜಾಪೆಟ್ಟಿಗೆ. ಅದನ್ನು ಎತ್ತಿ ಹೊರಗೆ ಹಾಕುವ ಹಾಗಿಲ್ಲ. ಭಿಕ್ಷು ಬಂದು ಮಂತ್ರ ಹೇಳಿ ಅದರೊಳಗಿನ ಆತ್ಮವನ್ನು ಬೀಳ್ಕೊಡಬೇಕು. ಅದಾದರೂ ಮಾಡಿಸಬಹುದಿತ್ತು. ತೊಡಕಿದ್ದದ್ದು ಕಾಗದದಲ್ಲಿ. ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇತ್ತು. ವಾರಸುದಾರರು ಏಳು ಮಂದಿ, ಅದರಲ್ಲಿ ಒಂದು ಕವಲು ಬ್ರೆಜಿಲ್‌ನಲ್ಲಿ. ಹಿರೋಶಿಮಾ ಸೀಮೆಯಿಂದ ಒಂದು ಕಾಲಕ್ಕೆ ಹವಾಯಿಗೆ, ಬ್ರೆಜಿಲ್‌ಗೆ ವಲಸೆ ಹೋದವರು ಬಹಳ. ಏಳೂ ಜನ ಸಹಿ ಹಾಕದೆ ಮನೆ ಮಾರುವ ಹಾಗಿಲ್ಲ. ಇಂಥ ಗೋಜಲು ದೇಶದ ತುಂಬ ಇರುವುದಕ್ಕೇ 2024ರ ಏಪ್ರಿಲ್‌ನಿಂದ ವಾರಸಿನ ನೋಂದಣಿಯನ್ನು ಕಡ್ಡಾಯ ಮಾಡಿದ್ದಾರೆ. ಮೂರು ವರ್ಷದೊಳಗೆ ಮಾಡಿಸದಿದ್ದರೆ 1 ಲಕ್ಷ ಯೆನ್ ವರೆಗೆ ದಂಡ. ನಮ್ಮೂರಲ್ಲೂ ಅಜ್ಜನ ಹೆಸರಲ್ಲೇ ಉಳಿದ ಪಹಣಿಗಳಿಗೆ ಇಂಥದ್ದೊಂದು ಬಂದರೆ ಎಷ್ಟು ಮನೆಯಲ್ಲಿ ಜಗಳ ಶುರುವಾಗುತ್ತೋ!

ಆ ಮನೆ ಬಿಟ್ಟೆವು. ಅದಾದ ಮೇಲೆಯೇ 'ನವೀಕರಿಸಿದ್ದು' ಅನ್ನುವ ಪದ ನಮ್ಮ ಕಿವಿಗೆ ಹಿತವಾಗಿ ಕೇಳತೊಡಗಿದ್ದು. ಯಾರೋ ಕಷ್ಟಪಟ್ಟಿದ್ದಾರೆ, ನಾವು ಬ್ಯಾಗ್ ಹಿಡಿದು ಹೋದರಾಯ್ತು.

2024ರ ನವೆಂಬರಿನ ಒಂದು ಶನಿವಾರ ಹೊರಟೆವು. ಹಿರೋಶಿಮಾದಿಂದ ತಾಕೆಹಾರಾಕ್ಕೆ ಬಸ್ಸು, ಅಲ್ಲಿಂದ ಫೆರ್ರಿಯಲ್ಲಿ ಅರ್ಧ ಗಂಟೆ. ಓಸಾಕಿಕಾಮಿಜಿಮಾಕ್ಕೆ ಸೇತುವೆ ಇಲ್ಲ. ಇದು ಸಣ್ಣ ವಿಷಯ ಅಲ್ಲ. ಪೂರ್ವಕ್ಕೆ ಒನೊಮಿಚಿಯಿಂದ ಇಮಾಬಾರಿವರೆಗಿನ ದ್ವೀಪಗಳನ್ನು ಶಿಮಾನಾಮಿ ಕೈದೊ ರಸ್ತೆ 1999ರ ಹೊತ್ತಿಗೆ ಸೇತುವೆಗಳಿಂದ ಪೋಣಿಸಿಬಿಟ್ಟಿತು. ಈಗ ಅಲ್ಲಿ ಪ್ರಪಂಚದ ಸೈಕಲ್ ಸವಾರರೆಲ್ಲ ಇದ್ದಾರೆ. ನೈಋತ್ಯದ ಓಸಾಕಿಶಿಮೋಜಿಮಾಕ್ಕೂ ಕುರೆ ಕಡೆಯಿಂದ ಸೇತುವೆಗಳ ಸಾಲು ಬಂದಿದೆ. ನಡುವೆ ಈ ದ್ವೀಪ ಮಾತ್ರ ಎರಡೂ ಕಡೆಯ ಸೇತುವೆ ನೋಡಿಕೊಂಡು ಕೂತಿದೆ. ಜನ ಸುಮಾರು ಏಳು ಸಾವಿರ, ಅದರಲ್ಲೂ ವಯಸ್ಸಾದವರೇ ಜಾಸ್ತಿ. ಜಾಹೀರಾತಿನ 'ನಿಶ್ಶಬ್ದ'ದ ಗುಟ್ಟು ಇದೇ: ಕೊನೆಯ ಫೆರ್ರಿ ಹೋದ ಮೇಲೆ ಯಾರೂ ಬರೋ ಹಾಗಿಲ್ಲ, ಯಾರೂ ಹೋಗೋ ಹಾಗಿಲ್ಲ.

ಹಾಗಂತ ಯಾರೂ ಕೇಳದ ಮೂಲೆಯೂ ಅಲ್ಲ. ಹಾಯಿಹಡಗಿನ ಕಾಲದಲ್ಲಿ ಇಲ್ಲಿನ ಕಿನೋಎ ಬಂದರಿನಲ್ಲಿ ಹಡಗುಗಳು ಉಬ್ಬರಕ್ಕೆ ಕಾಯುತ್ತ ನಿಲ್ಲುತ್ತಿದ್ದವು. ಆ ಕಾಲದ ಮರದ ಮಾಳಿಗೆ ಮನೆಗಳು ಇವತ್ತೂ ಓಣಿಯಲ್ಲಿ ಒತ್ತೊತ್ತಾಗಿ ನಿಂತಿವೆ. ಹಡಗು ನಡೆಸುವುದನ್ನು ಕಲಿಸುವ ಶಾಲೆ 1898ರಿಂದ ಇದೆ. ಹಿಂದೆ ಉಪ್ಪಿನ ಗದ್ದೆ ಇದ್ದ ಜಾಗದಲ್ಲಿ ಈಗ ಸಿಂಪಿ ಸಾಕುತ್ತಾರೆ. ಆ ಗದ್ದೆಗಳನ್ನು ಫೆರ್ರಿಯಿಂದಿಳಿದು ಹೋಗುವಾಗ ನೋಡಿದೆ. ಸಾಣಿಕಟ್ಟೆಯ ಉಪ್ಪಿನ ಆಗರದ ಪಕ್ಕ ಬಸ್ಸಲ್ಲಿ ಹೋಗ್ತಿದ್ದ ನೆನಪು ಬಂತು. ಅದೇ ಚೌಕ ಚೌಕ ನೀರು, ಅದೇ ಕಲ್ಲಿನ ಬದು.

ಮನೆ ಫೋಟೋದಲ್ಲಿದ್ದ ಹಾಗೇ ಇತ್ತು. ಒಪ್ಪಿಕೊಳ್ಳಲೇಬೇಕು. ಶೋವಾ 41ರಲ್ಲಿ ಕಟ್ಟಿದ್ದು, ಅಂದರೆ 1966. ಜಾಗ 68 ತ್ಸುಬೊ, ನಮ್ಮ ಲೆಕ್ಕದಲ್ಲಿ ಎರಡು ಗುಂಟೆ ಚಿಲ್ಲರೆ. ಹೊರಗೋಡೆಗೆ ಕಪ್ಪಗೆ ಸುಟ್ಟ ಸುಗಿ ಮರದ ಹಲಗೆ. ಇದನ್ನು ಯಾಕಿಸುಗಿ ಅನ್ನುತ್ತಾರೆ. ಹಲಗೆಯ ಮೇಲ್ಮೈಯನ್ನು ಬೇಕಂತಲೇ ಇದ್ದಲಾಗುವಷ್ಟು ಸುಟ್ಟರೆ ಉಪ್ಪುಗಾಳಿಯನ್ನೂ ಮಳೆಯನ್ನೂ ಎಷ್ಟೋ ವರ್ಷ ತಡೆಯುತ್ತೆ. ಬೆರಳಲ್ಲಿ ಉಜ್ಜಿದರೆ ಮಸಿ ಹತ್ತುತ್ತೆ. ನಮ್ಮ ಮನೆಯ ಕಿಟಕಿ ಸರಳುಗಳನ್ನು ಅಪ್ಪಯ್ಯ ನಾಲ್ಕು ವರ್ಷಕ್ಕೊಮ್ಮೆ ಕೆರೆದು ಬಣ್ಣ ಬಳಿಯುತ್ತಿದ್ದರು. ಆದರೂ ಸರಳು ಉಬ್ಬಿ ಚೌಕಟ್ಟೇ ಸೀಳಿಕೊಳ್ಳುತ್ತಿತ್ತು. ಇಲ್ಲಿಯವರು ಮರವನ್ನೇ ಮೊದಲು ಸುಟ್ಟುಬಿಟ್ಟಿದ್ದಾರೆ, ಇನ್ನು ಉಪ್ಪು ಏನು ಮಾಡೀತು ಅನ್ನೋ ಹಾಗೆ.

ಒಳಗೆ ಬಿಳಿ ಗೋಡೆ, ಹೊಸ ಅಡುಗೆಮನೆ, ಒಂದು ಕೋಣೆಯಲ್ಲಿ ಮಾತ್ರ ಉಳಿಸಿಕೊಂಡ ತತಾಮಿ ಚಾಪೆ. ಹಳೇ ತೊಲೆಗಳಿಗೆ ಎಣ್ಣೆ ಹಚ್ಚಿ ಹಾಗೇ ಬಿಟ್ಟಿದ್ದರು. ಆಮೇಲೆ ಆ ಡೆಕ್. ಹೆಂಡತಿ ಅದರ ಮೇಲೆ ಹೋಗಿ ನಿಂತಳು, ಹತ್ತು ನಿಮಿಷ ಮಾತಾಡಲಿಲ್ಲ. ಕಸ ಗುಡಿಸುವ ಪ್ರಶ್ನೆ ಮತ್ತೆ ಬರಲಿಲ್ಲ.

ಬಚ್ಚಲ ಮುಂದೆ ಬಟ್ಟೆ ಒಗೆಯುವ ಮಿಷನ್ ಇಡುವ ಜಾಗದಲ್ಲಿ ನನ್ನ ಹಿಮ್ಮಡಿ ಒಂಚೂರು ಇಳಿಯಿತು. ಎಷ್ಟು ಅಂದರೆ, ಹಾಸಿಗೆ ಮೇಲೆ ಕಾಲಿಟ್ಟ ಹಾಗೂ ಅಲ್ಲ, ನೆಲದ ಮೇಲೆ ಇಟ್ಟ ಹಾಗೂ ಅಲ್ಲ. ಏಜೆಂಟರನ್ನು ಕೇಳಿದೆ. "ಅದು ಕುಶನ್ ಫ್ಲೋರ್, ಮೆತ್ತಗೇ ಇರುತ್ತೆ" ಅಂದರು. ಒಳ್ಳೆಯ ಮನುಷ್ಯರೇ, ಸುಳ್ಳು ಹೇಳಿದರು ಅಂತ ನನಗೆ ಅನಿಸಿಲ್ಲ. ಆದರೆ ಅದೇ ಹಾಸು ಅಡುಗೆಮನೆಯಲ್ಲೂ ಇತ್ತು. ಅಲ್ಲಿ ಕಾಲು ಇಳಿಯಲಿಲ್ಲ.

ಹೊರಗೆ ಬಂದಾಗ ಪಕ್ಕದ ಮನೆಯ ಅಜ್ಜಿ ಮೂಲಂಗಿ ತೊಳೆಯುತ್ತಿದ್ದರು. ನಮಸ್ಕಾರ ಹೇಳಿ, ಚಂಡಮಾರುತ ಬಂದಾಗ ನೀರು ಎಲ್ಲಿವರೆಗೆ ಬರುತ್ತೆ ಅಂತ ಕೇಳಿದೆ. ಅಜ್ಜಿ ಎದ್ದು, ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು, ಅವರ ಮನೆಯ ಕಲ್ಲಿನ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು. ಮೂರನೇ ಮೆಟ್ಟಿಲನ್ನು ಚಪ್ಪಲಿಯಿಂದ ತಟ್ಟಿ, "2004ರಲ್ಲಿ ಇಲ್ಲಿವರೆಗೆ" ಅಂದರು. ಆ ವರ್ಷ ಸಾಲಾಗಿ ಬಂದ ಚಂಡಮಾರುತಗಳಿಗೆ ಒಳಗಡಲ ದಡದ ಎಷ್ಟೋ ಊರುಗಳಿಗೆ ನೀರು ನುಗ್ಗಿತ್ತು. ಇಲ್ಲಿ ದೊಡ್ಡ ಉಬ್ಬರದ ದಿನ ನೀರು ಮೂರು ಮೀಟರಿಗೂ ಜಾಸ್ತಿ ಏರಿಳಿಯುತ್ತೆ. ಚಂಡಮಾರುತವೂ ಉಬ್ಬರವೂ ಒಂದೇ ಹೊತ್ತಿಗೆ ಬಂದರೆ ಕತೆ ಬೇರೆ. ನಾವು ನೋಡಲು ಬಂದ ಮನೆಗೆ ಐದು ಮೆಟ್ಟಿಲಿದ್ದವು. ಎರಡು ಮೆಟ್ಟಿಲ ಅಂತರ. ಸರ್ಕಾರದ ಅಪಾಯದ ನಕ್ಷೆ ಬಣ್ಣ ಬಳಿದು ಹೇಳುವುದನ್ನು ಅಜ್ಜಿ ಚಪ್ಪಲಿಯಲ್ಲಿ ಹೇಳಿದರು.

ನಕ್ಷೆಯನ್ನೂ ನೋಡಿದೆ. ಕಡಲಿಗಿಂತ ನನಗೆ ಹೆದರಿಕೆ ಹಿಂದಿನ ಗುಡ್ಡದ್ದು. 2014ರ ಆಗಸ್ಟ್ 20ರ ಬೆಳಗಿನ ಜಾವ ಹಿರೋಶಿಮಾ ನಗರದ ಉತ್ತರ ಭಾಗದಲ್ಲಿ ಗುಡ್ಡ ಜಾರಿ 77 ಜನ ಸತ್ತರು. ಆಗ ನಾನು ಅದೇ ನಗರದಲ್ಲಿ ಹೊಸಬ, ರಾತ್ರಿಯೆಲ್ಲ ಆ ಮಳೆಯ ಸದ್ದು ಕೇಳಿದ್ದೇನೆ. ಇಲ್ಲಿನ ಗುಡ್ಡಗಳು ಗ್ರಾನೈಟ್ ಕೊಳೆತು ಆದ ಮರಳುಮಣ್ಣಿನವು. ನೀರು ಕುಡಿದರೆ ಸಕ್ಕರೆಯ ಹಾಗೆ ಕುಸಿಯುತ್ತವೆ. 2018ರ ಜುಲೈ ಮಳೆಗೆ ಕುರೆ, ಮಿಹಾರಾ, ಒನೊಮಿಚಿ ಕಡೆ ದಿನಗಟ್ಟಲೆ ನಲ್ಲಿಯಲ್ಲಿ ನೀರೇ ಇರಲಿಲ್ಲ. ಈ ಮನೆ ನಕ್ಷೆಯ ಹಳದಿ ಪಟ್ಟಿಯ ಅಂಚಿನಲ್ಲಿತ್ತು, ಕೆಂಪಿನಲ್ಲಿ ಇರಲಿಲ್ಲ. ಕೆಂಪಾಗಿದ್ದರೆ ಅಲ್ಲಿಂದಲೇ ವಾಪಸ್ ಫೆರ್ರಿ ಹತ್ತುತ್ತಿದ್ದೆ.

ನೀರಿನ ವಿಷಯ ಬಂತಲ್ಲ, ಆಯಿಯ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ದ್ವೀಪಕ್ಕೆ ನಲ್ಲಿ ನೀರು ಬರುವುದು ಸಮುದ್ರದಡಿ ಹಾಕಿದ ಪೈಪಿನಲ್ಲಿ, ಆಚೆ ದಡದಿಂದ. ಆದರೆ ಹಿತ್ತಲಲ್ಲಿ ಒಂದು ಬಾವಿಯೂ ಇತ್ತು. ಕಾಂಕ್ರೀಟ್ ಮುಚ್ಚಳ, ಪಕ್ಕದಲ್ಲಿ ಸಣ್ಣ ಮೋಟಾರು. ಜಾಹೀರಾತಿನ ಹದಿನೆಂಟು ಫೋಟೋದಲ್ಲಿ ಇದರದ್ದು ಒಂದೂ ಇರಲಿಲ್ಲ.

ಕಾಗದ ಪತ್ರದಲ್ಲಿ ಎರಡು ಸಂಗತಿ ನನ್ನನ್ನು ನಿಲ್ಲಿಸಿದವು. ಒಂದು, ಕಟ್ಟಿದ ವರ್ಷ. ಜಪಾನಿನಲ್ಲಿ 1981ರ ಜೂನ್ 1 ಅನ್ನುವುದು ಮನೆಗಳ ಹಣೆಬರಹವನ್ನು ಎರಡು ಭಾಗ ಮಾಡುವ ತಾರೀಕು. ಅದಾದ ಮೇಲೆ ಪರವಾನಗಿ ಪಡೆದವು ಹೊಸ ಭೂಕಂಪ ನಿಯಮದವು, ಅದಕ್ಕೂ ಹಿಂದಿನವು ಹಳೇ ನಿಯಮದವು. ಗೋಡೆಗೆ ಎಷ್ಟು ಬಿಳಿ ಬಣ್ಣ ಬಳಿದರೂ 1966 ಅನ್ನೋದು 1966ರಲ್ಲೇ ಇರುತ್ತೆ. ಅಡುಗೆಮನೆ ಹೊಸದು ಮಾಡಿದ್ದರು. ಗೋಡೆಯೊಳಗೆ ಅಡ್ಡಪಟ್ಟಿ ಕೊಟ್ಟು ಬಲಪಡಿಸಿದ್ದಾರಾ ಅಂತ ಕೇಳಿದರೆ ಉತ್ತರ "ಇಲ್ಲ".

ಇನ್ನೊಂದು, ಮನೆಯನ್ನು 'ಇದ್ದ ಹಾಗೇ' ಒಪ್ಪಿಸುವುದು ಅನ್ನುವ ಷರತ್ತು. ನವೀಕರಿಸಿದ ಮನೆ ಕೊಳ್ಳುವವರು ಇದನ್ನು ಗಮನಿಸಲೇಬೇಕು. ಮಾರುವುದು ರಿಯಲ್ ಎಸ್ಟೇಟ್ ಕಂಪನಿಯಾದರೆ, ಒಳಗಿನ ದೋಷಕ್ಕೆ ಕಡಿಮೆ ಅಂದರೂ ಎರಡು ವರ್ಷ ಅದು ಹೊಣೆ ಹೊರಬೇಕು ಅಂತ ಕಾನೂನಿದೆ. ನಮ್ಮ ಹಾಗೆ ಸಾಮಾನ್ಯ ಜನ ಮಾರಿದರೆ ಆ ಹೊಣೆಯನ್ನು ಕರಾರಿನಲ್ಲೇ ತೆಗೆದುಹಾಕಬಹುದು. ಇಲ್ಲಿ ಮಾರುತ್ತಿದ್ದವರು ನಗರದ ಒಂದು ದಂಪತಿ. ವಾರದ ಕೊನೆಗೆ ಬರ್ತಾ ಇದ್ದವರು, ವಯಸ್ಸಾಯಿತು, ಫೆರ್ರಿ ಹತ್ತಿಳಿಯೋದು ಕಷ್ಟ ಅಂತ ಮಾರುತ್ತಿದ್ದರು. ಹೊಣೆ ತೆಗೆದುಹಾಕಿತ್ತು. ಅಂದರೆ ಕೀಲಿ ಕೈಗೆ ಬಂದ ಮಾರನೇ ದಿನ ನೆಲ ಕುಸಿದರೂ ಅದು ನಮ್ಮ ನೆಲ.

ಆವಾಗಲೇ ಆಯಿಯ ಎರಡನೇ ಪ್ರಶ್ನೆ ತಲೆಯಲ್ಲಿ ಮತ್ತೆ ಗುಂಯ್ ಅಂದದ್ದು. ಮನೆ ತಪಾಸಣೆ ಮಾಡುವವರೊಬ್ಬರನ್ನು ಗೊತ್ತು ಮಾಡಿದೆ. 70 ಸಾವಿರ ಯೆನ್, ಫೆರ್ರಿ ಖರ್ಚು ಬೇರೆ. ಹೆಂಡತಿ ಹುಬ್ಬು ಹಾರಿಸಿದಳು. ನಾನು, "ಮದುವೆಗೆ ಮುಂಚೆ ಜಾತಕ ನೋಡಿಸಲಿಲ್ವಾ, ಹಂಗೆ" ಅಂದೆ.

ಜನವರಿಯ ಚಳಿಯಲ್ಲಿ ಮತ್ತೆ ಹೋದೆವು. ತಪಾಸಣೆಯವರು ಬಿಳಿ ಮೇಲಂಗಿ ಹಾಕಿಕೊಂಡು, ಹಣೆಗೆ ಟಾರ್ಚ್ ಕಟ್ಟಿಕೊಂಡು ಅಡುಗೆಮನೆಯ ನೆಲದ ಮುಚ್ಚಳ ತೆಗೆದರು. ಇಲ್ಲಿನ ಅಡುಗೆಮನೆಗಳಲ್ಲಿ ನೆಲದೊಳಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತೆ, ಉಪ್ಪಿನಕಾಯಿ, ಎಣ್ಣೆ ಡಬ್ಬಿ ಇಡಲಿಕ್ಕೆ. ಆ ಪೆಟ್ಟಿಗೆ ಎತ್ತಿದರೆ ಕೆಳಗೆ ಮಣ್ಣು, ಕತ್ತಲೆ. ಅವರು ಕಾಲು ಮೊದಲು ಇಳಿಸಿ, ಮಗ್ಗುಲಾಗಿ, ಹಲ್ಲಿಯ ಹಾಗೆ ಒಳಗೆ ಹೋದರು. ಇಪ್ಪತ್ತು ನಿಮಿಷ ನಮ್ಮ ಪಾದದಡಿಯಿಂದ ಟಕ್ ಟಕ್ ಸದ್ದು. ಒಮ್ಮೆ ಸದ್ದು ನಿಂತಿತು. ಆಮೇಲೆ ದನಿ ಬಂತು: "ನೀವೂ ಬಂದು ನೋಡ್ತೀರಾ?"

ಇಳಿದೆ. ನೆಲಕ್ಕೂ ಹಲಗೆಗೂ ನಡುವೆ ಒಂದೂವರೆ ಅಡಿಯೂ ಇಲ್ಲ. ಮೊಣಕೈ ಊರಿಕೊಂಡು ತೆವಳಬೇಕು. ಮೊದಲ ಅರ್ಧ ಭಾಗ ಚೆನ್ನಾಗಿತ್ತು. ಮಣ್ಣು ಒಣಗಿ ಪುಡಿಯಾಗಿತ್ತು. ಕಲ್ಲಿನ ಮೇಲೆ ಕೂತ ಗಿಡ್ಡ ಕಂಬಗಳು ಅರವತ್ತು ವರ್ಷವಾದರೂ ತಟ್ಟಿದರೆ ಟಣ್ ಅನ್ನುತ್ತಿದ್ದವು. ಗುಡ್ಡದ ಕಡೆಯ ಅಡಿಪಾಯದಲ್ಲಿ ಕಿಂಡಿಗಳಿದ್ದವು, ಬೆಳಕು ಬರುತ್ತಿತ್ತು. ಕಡಲ ಕಡೆಗೆ ತೆವಳಿದ ಹಾಗೆ ವಾಸನೆ ಬದಲಾಯಿತು. ಮಳೆಗಾಲದಲ್ಲಿ ನಮ್ಮನೆ ಅಟ್ಟದ ಮೇಲೆ ಬರುವ ವಾಸನೆ. ಅಂಗೈಗೆ ಮಣ್ಣು ಅಂಟಿತು. ಬಚ್ಚಲ ಕೆಳಗಿನ ತೊಲೆಗೆ ಅವರು ತೇವ ಅಳೆಯುವ ಮೀಟರ್ ಒತ್ತಿದರು: 29 ಪರ್ಸೆಂಟ್. ಗುಡ್ಡದ ಕಡೆ ಅದೇ ಮೀಟರ್ 16 ತೋರಿಸಿತ್ತು. ಇಪ್ಪತ್ತು ದಾಟಿದರೆ ಮರ ಕೊಳೆಯೋಕೆ ದಾರಿ ಅಂತ ಅವರೇ ಹೇಳಿದರು. ಆಮೇಲೆ ಸ್ಕ್ರೂಡ್ರೈವರ್ ತೆಗೆದು ತೊಲೆಗೆ ಚುಚ್ಚಿದರು. ಹಿಡಿಯವರೆಗೂ ಹೋಯಿತು. ಬಿಸ್ಕತ್ತಿಗೆ ಚುಚ್ಚಿದ ಹಾಗೆ, ಸದ್ದೇ ಇಲ್ಲ. ಪಕ್ಕದ ಕಾಂಕ್ರೀಟಿನ ಮೇಲೆ ಬೆರಳಗಲದ ಮಣ್ಣಿನ ಗೆರೆ ಮೇಲಕ್ಕೆ ಹತ್ತಿತ್ತು.

ಅದನ್ನು ನನಗೆ ಜಪಾನಿ ಭಾಷೆಯಲ್ಲಿ ಯಾರೂ ವಿವರಿಸಬೇಕಾಗಿರಲಿಲ್ಲ. ಒರಲೆ.

"ಇಲ್ಲಿ ನೋಡಿ" ಅಂತ ಅವರು ಕಡಲ ಕಡೆಯ ಗೋಡೆಗೆ ಬೆಳಕು ಹಾಯಿಸಿದರು. ಅಲ್ಲೂ ಮೂರು ಕಿಂಡಿ ಇದ್ದವು. ಮೂರೂ ಕತ್ತಲೆ. ಹೊರಗಿನಿಂದ ಡೆಕ್ಕಿನ ದಪ್ಪ ಹಲಗೆಯನ್ನು ಕಿಂಡಿಗಳ ಮೇಲೇ ಬಡಿದಿದ್ದರು. ಡೆಕ್ಕಿನ ಮೂರೂ ಬದಿಯನ್ನು ಅಂದಕ್ಕೆ ಅಂತ ಪಟ್ಟಿ ಹೊಡೆದು ಮುಚ್ಚಿದ್ದರು. ಕಟ್ಟಿದ ಮೇಸ್ತ್ರಿ 1966ರಲ್ಲಿ ಯೋಚಿಸಿದ್ದು ಸರಳ: ಹಗಲು ಕಡಲಿಂದ ಗಾಳಿ ಬರಲಿ, ಮನೆಯಡಿಯಲ್ಲಿ ಹಾದು ಗುಡ್ಡದ ಕಡೆ ಹೋಗಲಿ. ರಾತ್ರಿ ಅದರ ಉಲ್ಟಾ. ಅರ್ಧ ಶತಮಾನ ಆ ಗಾಳಿ ಮನೆಯನ್ನು ಒಣಗಿಸಿ ಇಟ್ಟಿತ್ತು. ಡೆಕ್ ಬಂದು ಐದೇ ವರ್ಷ. ಬಚ್ಚಲ ಪೈಪಿನಿಂದ ತೊಟ್ಟಿಕ್ಕಿದ ಸ್ವಲ್ಪ ನೀರಿಗೆ ಆರಲಿಕ್ಕೆ ದಾರಿಯೇ ಇರಲಿಲ್ಲ.

ಒಂಬತ್ತು ಫೋಟೋ ತೆಗೆಸಿಕೊಂಡಿದ್ದ ಡೆಕ್ಕೇ ಮನೆಯ ಮೂಗು ಮುಚ್ಚಿತ್ತು.

ಮೇಲೆ ಬಂದು ಆಯಿಗೆ ಫೋನ್ ಮಾಡಿದೆ. "ಆಡ್ತಿಲ್ಲೆ ಆಯಿ" ಅಂದೆ. "ಎಂತದು?" ಅಂದಳು. ಆಕೆಗೆ ತಾನು ಕೇಳಿದ್ದೇ ಮರೆತು ಹೋಗಿತ್ತು.

ಆಮೇಲೆ ಚೌಕಾಶಿ. ಜಪಾನಿನಲ್ಲಿ ಚೌಕಾಶಿ ಅಂದರೆ ನಮ್ಮ ಮೀನು ಪೇಟೆಯ ಥರ ಅಲ್ಲ. ಮಾರುವವರ ಮುಖವನ್ನೂ ನಾವು ನೋಡಿರಲಿಲ್ಲ. ತಪಾಸಣೆಯ ವರದಿ, ದ್ವೀಪದ ಬಡಗಿ ಕೊಟ್ಟ ಅಂದಾಜು ಪಟ್ಟಿ, ಎರಡನ್ನೂ ಲಗತ್ತಿಸಿ 'ಕೊಳ್ಳುವ ಇಚ್ಛೆ' ಅನ್ನುವ ಒಂದು ಹಾಳೆಯಲ್ಲಿ ನಮ್ಮ ಬೆಲೆ ಬರೆದು ಏಜೆಂಟರ ಕೈಗೆ ಕೊಟ್ಟೆವು. ತೊಲೆಯ ಆ ತುಂಡು ಬದಲಿಸುವುದು, ಒರಲೆ ಔಷಧಿ ಹೊಡೆಸುವುದು, ಬಚ್ಚಲ ನೆಲ ಎತ್ತಿ ಮತ್ತೆ ಹಾಕುವುದು, ಎಲ್ಲ ಸೇರಿ ಎಂಟು ಲಕ್ಷದ ಹತ್ತಿರ ಬಂದಿತ್ತು. 64 ಲಕ್ಷ ಅಂತ ಬರೆದೆವು. ನಾಲ್ಕು ದಿನ ಮೌನ. ಐದನೇ ದಿನ ಒಪ್ಪಿಗೆ ಬಂತು. ಜೊತೆಗೆ ಮಾರುವ ಹೆಂಗಸಿನ ಒಂದು ಚೀಟಿ: ಕಿಂಡಿ ಮುಚ್ಚಿದ್ದು ನಮಗೆ ಗೊತ್ತೇ ಇರಲಿಲ್ಲ, ಕ್ಷಮಿಸಿ. ನಂಬಿದೆ. ಅವರೂ ನಮ್ಮ ಹಾಗೆ ಕಡಲು ನೋಡುತ್ತ ಕೂತವರೇ ಅಲ್ವಾ, ಬಗ್ಗಿ ಕೆಳಗೆ ಯಾರು ನೋಡ್ತಾರೆ.

ಹಿತ್ತಲಿಗೆ ಅಂಟಿಕೊಂಡು ಒಂದು ತುಂಡು ನಿಂಬೆ ತೋಟವೂ ಇವರ ಹೆಸರಲ್ಲಿತ್ತು. ಅದು ದಾಖಲೆಯಲ್ಲಿ ಕೃಷಿಭೂಮಿ, ಕೊಳ್ಳಲು ಊರಿನ ಕೃಷಿ ಸಮಿತಿಯ ಅನುಮತಿ ಬೇಕು, ನಿಜವಾಗಿ ಬೇಸಾಯ ಮಾಡುತ್ತೇವೆ ಅಂತ ತೋರಿಸಬೇಕು. ವಾರಕ್ಕೆರಡು ದಿನ ಬರುವವನು ಏನು ಬೇಸಾಯ ಮಾಡಿಯಾನು? ಬಿಟ್ಟುಕೊಟ್ಟೆ. ಈಗ ಅದನ್ನು ಪಕ್ಕದ ಅಜ್ಜಿಯ ತಮ್ಮ ನೋಡಿಕೊಳ್ಳುತ್ತಾರೆ. ಕಾಡುಹಂದಿ ಕಾಟದ ಪೂರ್ತಿ ಹಕ್ಕೂ ಅವರದ್ದೇ. ಈ ಹಂದಿಗಳು ದ್ವೀಪದಿಂದ ದ್ವೀಪಕ್ಕೆ ಈಜಿಕೊಂಡು ಬರುತ್ತವೆ. ಸೇತುವೆ ಇಲ್ಲದಿದ್ದರೂ ಅವಕ್ಕೆ ತೊಂದರೆಯಿಲ್ಲ.

ಕರಾರಿನ ದಿನ ಒಂದು ಪೂರ್ತಿ ಮಧ್ಯಾಹ್ನ ಹೋಯಿತು. ಸಹಿಗೆ ಮುಂಚೆ, ಪರವಾನಗಿ ಪಡೆದ ವ್ಯವಹಾರ ತಜ್ಞರು ತಮ್ಮ ಗುರುತಿನ ಚೀಟಿ ತೋರಿಸಿ, 'ಮುಖ್ಯ ಸಂಗತಿಗಳ ವಿವರಣೆ' ಅನ್ನುವ ದಾಖಲೆಯನ್ನು ಓದಿ ಹೇಳಲೇಬೇಕು. ರಸ್ತೆಯ ಅಗಲ, ಶೌಚದ ತೊಟ್ಟಿ, ನೀರು ನುಗ್ಗುವ ನಕ್ಷೆ, ಪಕ್ಕದ ಮನೆಯ ಮರದ ಕೊಂಬೆ ಎಷ್ಟು ಚಾಚಿದೆ ಅನ್ನೋದೂ ಅದರಲ್ಲಿತ್ತು. ಎರಡು ಗಂಟೆ ಒಂದೇ ದನಿಯಲ್ಲಿ ಓದಿದರು. ಸತ್ಯನಾರಾಯಣ ಕತೆ ಕೇಳುವ ಭಕ್ತಿಯಲ್ಲಿ ಕೂತೆವು. ಊರಲ್ಲಿ ಜಾಗ ಕೊಂಡಾಗ ಇಷ್ಟನ್ನು ಯಾರಾದರೂ ಓದಿ ಹೇಳಿದ್ದರೆ ಅಪ್ಪಯ್ಯ ಹನ್ನೆರಡು ವರ್ಷ ಕೋರ್ಟಿಗೆ ಅಲೆಯುತ್ತಿರಲಿಲ್ಲ.

ಆಮೇಲೆ ಮುದ್ರೆ. ನಮ್ಮದು ಭಟ್ಟರ ಮನೆತನ. ಜಪಾನಿ ಲಿಪಿಯಲ್ಲಿ ಭಟ್ ಅಂತ ಬರೆದರೆ ಅದನ್ನು 'ಬಾತ್ತೊ' ಅಂತ ಓದುತ್ತಾರೆ. ಬೇಸ್‌ಬಾಲ್ ಬ್ಯಾಟಿಗೂ ಅದೇ ಪದ, ಅದೇ ಅಕ್ಷರ. ಹಿರೋಶಿಮಾ ಬೇಸ್‌ಬಾಲ್ ಹುಚ್ಚಿನ ಊರು. ನನ್ನ ಮುದ್ರೆ ಒತ್ತಿದಾಗೆಲ್ಲ ಎದುರಿಗಿರುವವರ ಮುಖದಲ್ಲಿ ಒಂದು ತಡೆದ ನಗು. ಕರಾರಿಗೆ 5 ಸಾವಿರ ಯೆನ್ ಸ್ಟಾಂಪು ಅಂಟಿಸಿ, ಅದರ ಅಂಚಿನ ಮೇಲೂ ಬ್ಯಾಟು ಬೀಸಿ, ಹತ್ತು ಪರ್ಸೆಂಟ್ ಮುಂಗಡ 6 ಲಕ್ಷ 40 ಸಾವಿರ ಕೊಟ್ಟೆವು. ಏಜೆಂಟರ ಕಮಿಷನ್ 3 ಲಕ್ಷ 30 ಸಾವಿರ. ಮಾಮೂಲಿ ಲೆಕ್ಕದಲ್ಲಾದರೆ 2,77,200 ಆಗಬೇಕು. ಆದರೆ 80 ಲಕ್ಷದೊಳಗಿನ ಖಾಲಿ ಮನೆಗೆ ಓಡಾಡುವುದು ಯಾರಿಗೂ ಗಿಟ್ಟುತ್ತಿರಲಿಲ್ಲ ಅಂತ 2024ರ ಜುಲೈಯಿಂದ ಇಷ್ಟರವರೆಗೆ ತಗೊಳ್ಳಬಹುದು ಅಂತ ಆಗಿದೆ. ಅವರು ಮೊದಲೇ ಹೇಳಿದ್ದರು. ಮೂರು ಸಲ ಫೆರ್ರಿ ಹತ್ತಿದ ಮನುಷ್ಯ, ಕೊಡೋಕೆ ಬೇಜಾರಾಗಲಿಲ್ಲ.

ಸಾಲ ಸಿಗಲಿಲ್ಲ. 1966ರ ಮರದ ಮನೆ, ದ್ವೀಪದಲ್ಲಿ, ವಾರದ ಕೊನೆಯ ವಾಸಕ್ಕೆ ಅಂದರೆ ಬ್ಯಾಂಕಿನವರು ವಿನಯದಿಂದ ತಲೆ ಬಗ್ಗಿಸುತ್ತಾರೆ, ಅಷ್ಟೇ. ಇದ್ದ ಉಳಿತಾಯವನ್ನೇ ಬಳಿದೆವು.

ಮಾರ್ಚ್ ಕೊನೆಯ ಒಂದು ದಿನ ಬ್ಯಾಂಕಿನ ಸಣ್ಣ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮಾರುವವರನ್ನು ನೋಡಿದ್ದು ಅವತ್ತೇ. ನೋಂದಣಿ ಕೆಲಸ ನೋಡುವ ಶಿಹೋ ಶೋಶಿ, ಅಂದರೆ ದಸ್ತಾವೇಜು ವಕೀಲರು, ಎರಡೂ ಕಡೆಯ ಕಾಗದ ಒಂದೊಂದಾಗಿ ನೋಡಿ "ಸರಿಯಿದೆ, ಹಣ ಕಳಿಸಬಹುದು" ಅಂದರು. ಹಣ ಹೋಯಿತು. ಅವರ ಖಾತೆಗೆ ಬಂದದ್ದು ಖಾತ್ರಿಯಾಯಿತು. ಆ ವರ್ಷದ ಮನೆ ತೆರಿಗೆಯನ್ನು ದಿನದ ಲೆಕ್ಕದಲ್ಲಿ ಹಂಚಿಕೊಂಡೆವು. ಮೂರು ಕೀಲಿ ಕೈಗೆ ಬಂದವು. ಮೂರನೆಯದು ಯಾವುದಕ್ಕೆ ಅಂತ ಅವರಿಗೂ ನೆನಪಿರಲಿಲ್ಲ, ನಮಗೂ ಇನ್ನೂ ಸಿಕ್ಕಿಲ್ಲ. ಈಗ ದಾಖಲೆಯಲ್ಲಿ ಹೊರದೇಶದವರ ಹೆಸರನ್ನು ರೋಮನ್ ಅಕ್ಷರದಲ್ಲೂ ಬರೆಯುತ್ತಾರೆ, 2024ರ ಏಪ್ರಿಲ್‌ನಿಂದ ಬಂದ ನಿಯಮ. ಅಲ್ಲಿ ಮಾತ್ರ ನಾನು ಬ್ಯಾಟ್ ಅಲ್ಲ.

ಸುದ್ದಿ ಕೇಳಿದ ಗೆಳೆಯರೆಲ್ಲ ಕೇಳಿದ್ದು ಒಂದೇ: "ಮನೆ ತಗೊಂಡ್ರೆ ವೀಸಾ ಸಿಗುತ್ತಾ?" ಇಲ್ಲ. ಹೊರಗಿನವರು ಮನೆ ಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಇರಲಿಕ್ಕೆ ಬೇಕಾದ ವೀಸಾಕ್ಕೂ ಮನೆಗೂ ಸಂಬಂಧವಿಲ್ಲ. ಬೆಂಗಳೂರಲ್ಲಿ ಕೂತು ಅಗ್ಗದ ಮನೆ ಪಟ್ಟಿ ನೋಡಿ ಕನಸು ಕಾಣುವವರಿಗೆ ನಾನು ಇನ್ನೊಂದು ಮಾತು ಸೇರಿಸುತ್ತೇನೆ: ಹತ್ತಿರ ಇದ್ದು ತಿಂಗಳಿಗೊಮ್ಮೆಯಾದರೂ ಬಾಗಿಲು ತೆಗೆಯಲು ಆಗದಿದ್ದರೆ ಬೇಡ. ಇಲ್ಲಿನ ತೆರಿಗೆ ಲೆಕ್ಕವೂ ಹಾಗೇ ಇದೆ. ತಿಂಗಳಿಗೆ ಒಂದು ದಿನವಾದರೂ ಉಳಿದುಕೊಂಡರೆ ಅದನ್ನು ವಾಸದ ಮನೆ ಅಂತ ಪರಿಗಣಿಸಿ ರಿಯಾಯಿತಿ ಕೊಡಬಹುದು. ಅದಕ್ಕೂ ಕಡಿಮೆಯಾದರೆ ಅದು ಮೋಜಿನ ಮನೆ, ರಿಯಾಯಿತಿ ಇಲ್ಲ.

ಏಪ್ರಿಲ್‌ನಲ್ಲಿ ನೆರೆಹೊರೆಯ ಸಂಘಕ್ಕೆ ಸೇರಿದೆವು. ಚರಂಡಿ ಗುಡಿಸುವ ಭಾನುವಾರ ಹೆಂಡತಿ ನನಗಿಂತ ಮುಂದೆ ಪೊರಕೆ ಹಿಡಿದು ನಿಂತಿದ್ದಳು. ಅಜ್ಜಿಯರ ಗುಂಪಿನಲ್ಲಿ ಅವಳಿಗೆ ಈಗ ನನಗಿಂತ ಜಾಸ್ತಿ ಮರ್ಯಾದೆ.

ಡೆಕ್ ತೆಗೆಸಬೇಕಾ ಅಂತ ಬಡಗಿಯನ್ನು ಕೇಳಿದೆ. ಎಪ್ಪತ್ತು ದಾಟಿದ ಮನುಷ್ಯ, ಹಡಗು ಕಟ್ಟುವ ಕಡೆ ಕೆಲಸ ಮಾಡಿದವರು. ಡೆಕ್ಕಿನ ಸುತ್ತ ಒಂದು ಸುತ್ತು ಬಂದರು. ಬೀಡಿಯಂಥ ಒಂದು ಸಿಗರೇಟ್ ಮುಗಿಸಿದರು. ಆಮೇಲೆ ಬದಿಯ ಪಟ್ಟಿಗಳನ್ನೆಲ್ಲ ಕಿತ್ತು ಹಾಕಿದರು. ಗೋಡೆಗೆ ಬಡಿದ ದಪ್ಪ ಹಲಗೆಯನ್ನು ಒಂದು ಗೇಣು ಈಚೆ ಸರಿಸಿ, ಅದಕ್ಕೆ ಬೇರೆಯೇ ಕಾಲು ಕೊಟ್ಟರು. ಕಿಂಡಿಗಳ ಮುಂದಿನ ಹಲಗೆಗೆ ಮಾತ್ರ ಮೊಳೆ ಹೊಡೆಯಲಿಲ್ಲ. "ವರ್ಷಕ್ಕೊಮ್ಮೆ ಇದನ್ನು ಎತ್ತಿ ಬಗ್ಗಿ ನೋಡು" ಅಂದರು. ಮೂರು ವಾರದ ಮೇಲೆ ಬಚ್ಚಲಡಿ ಹೊಸ ತೊಲೆ ಹಾಕಿದ ಜಾಗದಲ್ಲಿ ಬಾಡಿಗೆ ಮೀಟರ್ ಇಟ್ಟು ನೋಡಿದೆ. 19.

ಸಂಜೆ ವಿಡಿಯೋ ಕರೆಯಲ್ಲಿ ಆಯಿಗೆ ತೋರಿಸಿದೆ. ಫೋನನ್ನು ಹಲಗೆಯ ಸಂದಿಯಲ್ಲಿ ಇಳಿಸಿ ಕಿಂಡಿಯ ಮುಂದೆ ಹಿಡಿದೆ. ಸುಮಾರು ಹೊತ್ತು ಆಕೆ ಆ ಕತ್ತಲೆಯನ್ನೇ ನೋಡಿದಳು. ಮೈಕಿಗೆ ಗಾಳಿ ಹೊಡೆದು ಬುರ್ ಅಂತ ಸದ್ದು.

"ಅಡ್ಡಿಲ್ಲೆ" ಅಂದಳು. "ಬಾವಿ ತೋರ್ಸು."

ಹಿತ್ತಲಿಗೆ ಹೋಗಿ ಕಾಂಕ್ರೀಟ್ ಮುಚ್ಚಳ ಸರಿಸಿ ತೋರಿಸಿದೆ. ನೀರು ಎರಡಾಳಿನ ಆಳದಲ್ಲಿ ಹೊಳೆಯುತ್ತಿತ್ತು. ಮೋಟಾರು ತೋರಿಸಿದೆ, ಸ್ವಿಚ್ ಹಾಕಿ ನೀರು ಬಿಟ್ಟೂ ತೋರಿಸಿದೆ.

"ಕರೆಂಟ್ ಹೋದ್ರೆ ಎಂತ ಮಾಡ್ತೆ? ಹಗ್ಗ ಇದ್ದಾ?"

ಮಾರನೇ ವಾರ ತಾಕೆಹಾರಾದಲ್ಲಿ ಫೆರ್ರಿ ಹತ್ತುವ ಮುಂಚೆ ಹತ್ತು ಮೀಟರ್ ಹಗ್ಗ ಕೊಂಡೆ, ಒಂದು ತಗಡಿನ ಬಕೆಟ್ಟೂ. ಅಂಗಡಿಯ ಹುಡುಗ ದೋಣಿಗಾ ಅಂತ ಕೇಳಿದ.